ಮೇಡಂ, ಒಂದು ಪ್ರಶ್ನೆ: ಸತ್ತ ಮೀನು, ಕಲ್ಲಿನ ಲೆಕ್ಕ, ಹೆಡ್‌ಸೆಟ್ ಫೀಸು

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಬಂದಿವೆ. ಮಕ್ಕಳು ಒಂದು ಬೊಂಬೆಯ ವೇಷ ಹಾಕಿಕೊಂಡು ಓಡಾಡುವ, ಕಟ್ಟುವ, ಹುಡುಕುವ ಕಂಪ್ಯೂಟರ್ ಲೋಕಗಳಿವೆಯಲ್ಲ, ಅವುಗಳಿಂದ ಪಾಠ ಆಗುತ್ತಾ ಎಂದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಉತ್ತರಗಳಲ್ಲಿ ಆ ವಾಸನೆ ಹೊಡೆದರೆ ಸಹಿಸಿಕೊಳ್ಳಿ.

ಮಗ ಏಳನೇ ಕ್ಲಾಸು. ಸದಾ ಮೈನ್‌ಕ್ರಾಫ್ಟ್. ಬೈದರೆ 'ಫಾರಿನ್‌ನಲ್ಲಿ ಸ್ಕೂಲಲ್ಲೇ ಆಡಿಸ್ತಾರಮ್ಮಾ' ಅಂತಾನೆ. ನಿಜಾನಾ?
– ಒಬ್ಬ ತಾಯಿ, ದಾವಣಗೆರೆ

ನಿಜಾನೇ ಕಣಮ್ಮ. ಮೈನ್‌ಕ್ರಾಫ್ಟ್ ಅಂದರೆ ಚೌಕ ಕಲ್ಲುಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ. 2011ರಲ್ಲೇ ಅದರ ಶಾಲಾ ರೂಪವೊಂದು ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಆ ಆಟದ ಕಂಪನಿಯನ್ನೇ ಕೊಂಡಿತು. 2016ರಲ್ಲಿ ಶಾಲೆಗಳಿಗಾಗಿ ತನ್ನದೇ ಆವೃತ್ತಿ ತಂದಿತು. ಡೆನ್ಮಾರ್ಕ್‌ನ ಸರ್ಕಾರಿ ಭೂಮಾಪನ ಸಂಸ್ಥೆಯಂತೂ 2014ರಲ್ಲಿ ಇಡೀ ದೇಶವನ್ನು ಅದರೊಳಗೆ ನಿಜವಾದ ಅಳತೆಯಲ್ಲೇ ಕೂರಿಸಿತು.

ಆದರೆ ನಿಮ್ಮ ಮಗ ಅರ್ಧ ಕಥೆ ಹೇಳಿದ್ದಾನೆ. ಶಾಲೆಯ ಆವೃತ್ತಿಯಲ್ಲಿ ಟೀಚರ್ ಒಂದು ಬಟನ್ ಒತ್ತಿದರೆ ಎಲ್ಲರ ಆಟವೂ ನಿಂತಲ್ಲೇ ನಿಲ್ಲುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎನ್ನುವುದನ್ನೂ ಅವರೇ ಗೊತ್ತುಮಾಡುತ್ತಾರೆ. ಇದನ್ನು ಅವನಿಗೆ ಹೇಳಿ, ಮುಖ ನೋಡಿ.

ಒಂದು ಕೆಲಸವನ್ನೂ ಕೊಡಿ. ಉದ್ದ, ಅಗಲ, ಎತ್ತರ ಎರಡೆರಡು ಕಲ್ಲಿನ ಒಂದು ಘನ ಕಟ್ಟಲಿ. 8 ಕಲ್ಲು ಹಿಡಿಯುತ್ತದೆ. 'ಈಗ ಎಲ್ಲ ಕಡೆ ಎರಡರಷ್ಟು ಮಾಡು, ಎಷ್ಟು ಬೇಕು?' ಎಂದು ಕಟ್ಟುವ ಮೊದಲೇ ಕೇಳಿ. ಹತ್ತರಲ್ಲಿ ಎಂಟು ಮಕ್ಕಳು 16 ಅಂತಾರೆ. ಕಟ್ಟಿ ನೋಡಿದರೆ 64.

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕಂಪ್ಯೂಟರ್ ಆರು, ಅದರಲ್ಲಿ ಎರಡು ಕೆಟ್ಟಿವೆ. ಇಂಟರ್ನೆಟ್ ಬಂದರೆ ಬಂತು. ಇದೆಲ್ಲ ನಮಗೆ ಆಗುವ ಮಾತಾ?
– ಒಬ್ಬ ಶಿಕ್ಷಕರು, ಕೊಪ್ಪಳ ಜಿಲ್ಲೆ

ಆಗುತ್ತೆ ಸರ್. ಲುವಾಂಟಿ ಅಂತ ಒಂದಿದೆ. 2024ರವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿತ್ತು. ನೋಡೋಕೆ ಮೈನ್‌ಕ್ರಾಫ್ಟ್ ಥರವೇ, ಆದರೆ ಪೂರ್ತಿ ಉಚಿತ, ಹಳೇ ಮಷೀನಿನಲ್ಲೂ ಓಡುತ್ತದೆ. ಒಂದು ಕಂಪ್ಯೂಟರ್ ಸರ್ವರ್ ಆದರೆ ಮಿಕ್ಕವು ವೈರಿನಲ್ಲೋ ವೈಫೈ ಡಬ್ಬಿಯಲ್ಲೋ ಅದಕ್ಕೆ ಸೇರಿಕೊಳ್ಳುತ್ತವೆ. ಇಂಟರ್ನೆಟ್ ಬೇಕಿಲ್ಲ. ಹಾಗಾಗಿ ಹೊರಗಿನವರು ಒಳಗೆ ಬರುವ ಭಯವೂ ಇಲ್ಲ. ಒಂದು ಸೂಕ್ಷ್ಮ ಇದೆ: ಬರೀ ಲುವಾಂಟಿ ಇಳಿಸಿಕೊಂಡರೆ ಅದರಲ್ಲಿ ಆಟ ಇರುವುದಿಲ್ಲ, ಅದನ್ನು ಬೇರೆ ಇಳಿಸಬೇಕು. ನೆಟ್ ಇರುವ ಕಡೆ ಎರಡನ್ನೂ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಶುರುಮಾಡುವಾಗ ಕ್ರಿಯೇಟಿವ್ ಮೋಡ್ (ಕಲ್ಲು ಎಷ್ಟು ಬೇಕಾದರೂ ಸಿಗುವ ಬಗೆ) ಹಾಕಿ, ಪೆಟ್ಟು ಬೀಳಿಸುವ 'ಡ್ಯಾಮೇಜ್' ತೆಗೆದುಬಿಡಿ. ಇಲ್ಲದಿದ್ದರೆ ಹುಡುಗರ ಬೊಂಬೆ ಗುಡ್ಡದಿಂದ ಬಿದ್ದು ಸತ್ತಿತು ಅನ್ನುವ ಗಲಾಟೆಯಲ್ಲೇ ಪೀರಿಯಡ್ ಮುಗಿಯುತ್ತೆ.

ನಾಲ್ಕು ಮಷೀನಿದ್ದರೆ ಒಂದೊಂದಕ್ಕೆ ಮೂವರನ್ನು ಕೂರಿಸಿ. ಒಬ್ಬರ ಕೈಯಲ್ಲಿ ಮೌಸ್, ಒಬ್ಬರು ಎಣಿಸುವವರು, ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆಯುವವರು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಮೌಸ್ ಒಬ್ಬನೇ ಜಾಣನ ಕೈಯಲ್ಲಿ ಉಳಿದರೆ ಮಿಕ್ಕವರಿಗೆ ಅದು ಸಿನಿಮಾ ಅಷ್ಟೇ.

ನನಗೆ ತುಂಬ ಇಷ್ಟವಾದ ಲೆಕ್ಕ ಒಂದಿದೆ. 4 ಮೀಟರ್ ಅಗಲ, 6 ಮೀಟರ್ ಉದ್ದದ ತರಕಾರಿ ಪಾತಿ. ಅಲ್ಲಿ ಒಂದು ಕಲ್ಲು ಅಂದರೆ ಒಂದು ಮೀಟರ್. ಸುತ್ತಳತೆ 20 ಮೀಟರ್ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಸರಿ, 20 ಕಲ್ಲು ತಗೊಂಡು ಸುತ್ತ ಗೋಡೆ ಹಾಕಿ ಅನ್ನಿ. ನಾಲ್ಕು ಮೂಲೆಯಲ್ಲೂ ಸಂದಿ ಉಳಿಯುತ್ತದೆ, ಮುಚ್ಚೋಕೆ 24 ಬೇಕು! ಸೂತ್ರ ತಪ್ಪಾ, ಗೋಡೆ ತಪ್ಪಾ? ಇಲ್ಲಿ ಬಾಯಿ ಹಾಕಬೇಡಿ ಸರ್, ಕಿತ್ತಾಡಲಿ. ಸುತ್ತಳತೆ ಒಂದು ಗೆರೆ, ಗೋಡೆಗೆ ದಪ್ಪ ಇದೆ ಎನ್ನುವುದು ಅವರ ಬಾಯಿಂದಲೇ ಬರುತ್ತೆ. ಬೋರ್ಡಿನ ಮೇಲೆ ಆಯತ ಎಳೆದರೆ ಈ ಜಗಳ ಹುಟ್ಟುವುದೇ ಇಲ್ಲ.

ಕಟ್ಟುವ ಆಟ ಗಣಿತಕ್ಕೆ ಸರಿ. ವಿಜ್ಞಾನಕ್ಕೆ ಏನು ಪ್ರಯೋಜನ? ಕೆರೆ ಪಕ್ಕದಲ್ಲೇ ಇರುವಾಗ ಕಂಪ್ಯೂಟರಿನ ಕೆರೆ ಯಾಕೆ ಬೇಕು?
– ಜೀವಶಾಸ್ತ್ರ ಶಿಕ್ಷಕಿ, ಶಿವಮೊಗ್ಗ

ಕೆರೆಯನ್ನೇ ಹಿಡಿದು ಕೇಳಿದ್ದೀರಿ, ಖುಷಿಯಾಯಿತು. ಹಾರ್ವರ್ಡ್‌ನಲ್ಲಿ ಕ್ರಿಸ್ ಡೀಡ್ ಅವರ ತಂಡ ಮೊದಲು ರಿವರ್ ಸಿಟಿ ಎಂಬ ಲೋಕ ಮಾಡಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಒಂದು ಪಟ್ಟಣ, ಜನ ಕಾಯಿಲೆ ಬೀಳುತ್ತಿದ್ದಾರೆ. ನೀರಿನಿಂದ ಬಂದದ್ದು, ಸೊಳ್ಳೆಯಿಂದ ಬಂದದ್ದು, ಒಬ್ಬರಿಂದೊಬ್ಬರಿಗೆ ಅಂಟಿದ್ದು, ಮೂರೂ ಬೆರೆತುಹೋಗಿವೆ. ಮಕ್ಕಳು ಬಿಡಿಸಿ, ಕಾರಣ ಬರೆದು ಮೇಯರ್‌ಗೆ ಪತ್ರ ಕೊಡಬೇಕು.

ಆಮೇಲೆ ಬಂದದ್ದು ಇಕೋಮ್ಯೂವ್. ಅದರಲ್ಲಿ ಒಂದು ಕೊಳ. ಮಕ್ಕಳು ಸುತ್ತಾಡುತ್ತಾರೆ, ನೀರು ಅಳೆಯುತ್ತಾರೆ, ಹುಳ ನೋಡುತ್ತಾರೆ. ಕ್ಯಾಲೆಂಡರಿನಲ್ಲಿ ಬೇರೆ ದಿನ ಒತ್ತಿದರೆ ಆ ದಿನಕ್ಕೇ ಹೋಗಬಹುದು. ಬೇಸಿಗೆಯ ಒಂದು ದಿನ ನೋಡಿದರೆ ದೊಡ್ಡ ಮೀನುಗಳೆಲ್ಲ ದಡದಲ್ಲಿ ಸತ್ತು ಬಿದ್ದಿವೆ. ತಂಡದಲ್ಲಿ ನಾಲ್ವರು: ಜೀವಿಗಳನ್ನು ಎಣಿಸುವವರು, ಸೂಕ್ಷ್ಮಜೀವಿ ನೋಡುವವರು, ನೀರಿನ ರಸಾಯನ ನೋಡುವವರು, ಜನರನ್ನು ವಿಚಾರಿಸುವ ಪತ್ತೇದಾರ. ಒಬ್ಬರ ಮಾಹಿತಿಯಿಂದ ಉತ್ತರ ಸಿಗದ ಹಾಗೆ ಹೆಣೆದಿದ್ದಾರೆ.

ಎಲ್ಲ ಮಕ್ಕಳೂ ಮೊದಲು ಹೇಳುವುದು 'ಯಾರೋ ವಿಷ ಹಾಕಿದಾರೆ'. ವಿಷ ಸಿಗುವುದಿಲ್ಲ. ಹಿಂದಿನ ದಿನಗಳಿಗೆ ಹೋದರೆ ಒಂದೊಂದೇ ಎಳೆ ಸಿಗುತ್ತದೆ. ಗೊಬ್ಬರ ಮಳೆನೀರಿನ ಜೊತೆ ಹರಿದು ಕೊಳ ಸೇರಿದೆ. ಪಾಚಿ ಕೊಬ್ಬಿದೆ, ಸತ್ತಿದೆ. ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕ ಕುಡಿದಿವೆ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ ನಿಲ್ಲುತ್ತೆ. ಮೇಲಿಂದ ಮೋಡ ಕವಿದು ಬಿಸಿಲಿಲ್ಲ, ನೀರು ಕಲಕುವ ಗಾಳಿಯೂ ಇಲ್ಲ. ರಾತ್ರಿ ಹೊತ್ತು ಗಿಡ, ಪಾಚಿ, ಮೀನು ಎಲ್ಲವೂ ಉಸಿರಾಡುತ್ತವೆ, ಆಮ್ಲಜನಕ ಮಾಡುವವರು ಯಾರೂ ಇಲ್ಲ. ಬೆಳಗಾಗುವುದರೊಳಗೆ ಮೀನು ಹೋಗಿರುತ್ತದೆ.

ನಿಮ್ಮ ಪಕ್ಕದ ಕೆರೆಗೆ ಇವತ್ತು ಹೋಗಬಹುದು ಟೀಚರ್, ಹತ್ತು ದಿನ ಹಿಂದಕ್ಕೆ ಹೋಗೋಕಾಗಲ್ಲ. ನನ್ನ ಮಟ್ಟಿಗೆ ಈ ಲೋಕಗಳಿಂದ ಉಪಯೋಗ ಇರುವುದು ಅಲ್ಲೇ: ನಿಧಾನಕ್ಕೆ ಆಗುವುದು, ಕಣ್ಣಿಗೆ ಕಾಣದ್ದು, ಅಪಾಯದ್ದು, ಕಳೆದುಹೋದದ್ದು. ಬೀಜ ಮೊಳೆಯುವುದನ್ನು ತೋರಿಸೋಕೆ ಯಾರಾದರೂ ಕಂಪ್ಯೂಟರ್ ಹಾಕಿದರೆ ಮಾತ್ರ ನನಗೆ ಸಿಟ್ಟು ಬರುತ್ತೆ. ಒಂದು ಹಿಡಿ ಹೆಸರುಕಾಳು, ಒದ್ದೆ ಬಟ್ಟೆ ಸಾಲದಾ?

ಆ ಕೊಳ ಅಮೆರಿಕದ್ದು, ಮೀನೂ ಅಲ್ಲಿಯವೇ. ಅದರ ಹೆಣಿಗೆಯನ್ನಷ್ಟೇ ತಗೊಂಡು ನಾನು ಕಂಪ್ಯೂಟರ್ ಇಲ್ಲದೆಯೂ ಮಾಡಿಸುತ್ತೇನೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಸುದ್ದಿಯಿಂದ ಶುರು. ನಾಲ್ಕು ಗುಂಪಿಗೆ ನಾಲ್ಕು ಬೇರೆ ಬೇರೆ ಹಾಳೆ: ಹವಾಮಾನ, ಚರಂಡಿ, ಪಾಚಿ, ಆಮ್ಲಜನಕ. ಬೇರೆ ಗುಂಪಿನ ಹಾಳೆ ಓದುವಂತಿಲ್ಲ, ಕೇಳಿಯೇ ತಿಳಿಯಬೇಕು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅವರಪ್ಪ ಹೊಂಡದಲ್ಲಿ ಮೀನು ಸಾಕುವವರು, ಎದ್ದು ನಿಂತು 'ಮೋಡ ಮುಚ್ಚಿದ ದಿನ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ ಮೇಡಂ, ಅಪ್ಪ ಓಡಿಹೋಗಿ ಮೋಟಾರ್ ಹಾಕ್ತಾರೆ' ಎಂದಳು. ಅವತ್ತು ನಾಲ್ಕೂ ಹಾಳೆ ಅವಳ ಬೆಂಚಿಗೇ ಹೋದವು.

ಮಗಳ ಶಾಲೆಯಲ್ಲಿ 'ವಿ.ಆರ್. ಲ್ಯಾಬ್' ಅಂತ ಬೇರೆ ಫೀಸು ಕೇಳ್ತಿದ್ದಾರೆ. ಮೂರನೇ ಕ್ಲಾಸು. ಕೊಡಬೇಕಾ?
– ಒಬ್ಬ ತಂದೆ, ಮೈಸೂರು

ವಿ.ಆರ್. ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಕಂಪ್ಯೂಟರ್ ಲೋಕದೊಳಗೇ ಇರುವ ಹಾಗೆ ನೋಡುವುದು. ಮೊದಲು ಭಾಗಾಕಾರ. ಕ್ಲಾಸಿನಲ್ಲಿ 40 ಮಕ್ಕಳು, ಹೆಡ್‌ಸೆಟ್ 5 ಇವೆ ಅನ್ನಿ. 40 ನಿಮಿಷದ ಪೀರಿಯಡ್ಡಿನಲ್ಲಿ ಒಂದು ಮಗುವಿಗೆ 5 ನಿಮಿಷ. ಅದರಲ್ಲಿ ಪಟ್ಟಿ ಬಿಗಿಮಾಡೋಕೆ ಎಷ್ಟು, ಕನ್ನಡಕದ ಮಗುವಿಗೆ ಹೊಂದಿಸೋಕೆ ಎಷ್ಟು ಅಂತ ನೀವೇ ಕಳೆಯಿರಿ.

ಎರಡನೆಯದು ವಯಸ್ಸು. ಮೆಟಾ ಕಂಪನಿ ತನ್ನ ಕ್ವೆಸ್ಟ್ ಹೆಡ್‌ಸೆಟ್ಟಿಗೆ ಮೊದಲು 13 ವರ್ಷ ಇಟ್ಟಿತ್ತು. 2023ರಲ್ಲಿ, ತಂದೆತಾಯಿಯ ನಿಗಾ ಇರುವ ಖಾತೆಯ ಮೂಲಕ, 10ಕ್ಕೆ ಇಳಿಸಿತು. ನಿಮ್ಮ ಮಗಳಿಗೆ ಎಂಟೋ ಒಂಬತ್ತೋ, ಅಲ್ವಾ? ಕಣ್ಣು 'ಓಡ್ತಿದೀನಿ' ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ 'ಕೂತಿದೀಯ' ಅನ್ನುತ್ತೆ. ತಲೆ ಸುತ್ತುವುದು ಅದಕ್ಕೇ. ತಲೆಯಿಂದ ತಲೆಗೆ ಹೋಗುವ ಪಟ್ಟಿ ಬೇರೆ. ಮೂರನೇ ಕ್ಲಾಸಿನ ಹೇನಿನ ಬಗ್ಗೆ ನಾನು ಹೇಳಬೇಕಾಗಿಲ್ಲ.

ಶಾಲೆಯಲ್ಲಿ ಇದನ್ನೂ ಕೇಳಿ: ಮಗು ಅದರೊಳಗೆ ಏನಾದರೂ ಮಾಡುತ್ತಾ, ಸುಮ್ನೆ ನೋಡುತ್ತಾ? ಹೊರಗಿನವರು ಅಲ್ಲಿ ಮಾತಾಡಿಸಬಹುದಾ? ಮಗುವಿನ ಹೆಸರು, ದನಿ ಯಾರ ಹತ್ತಿರ ಉಳಿಯುತ್ತೆ? 2023ರ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುವುದು ಅದರ ಮೂಲ ನಿಯಮ. ಉತ್ತರ ತಡವರಿಸಿದರೆ ಫೀಸು ನಿಮ್ಮ ಜೇಬಿನಲ್ಲೇ ಇರಲಿ.

ಗೂಗಲ್‌ನ ಎಕ್ಸ್‌ಪೆಡಿಶನ್ಸ್ ಇಟ್ಟುಕೊಂಡು ಸಮಾಜ ವಿಜ್ಞಾನದ ಪಾಠ ತಯಾರಿಸಿದ್ದೆ. ಅದೇ ನಿಂತುಹೋಯಿತು. ಮತ್ತೆ ಯಾವುದನ್ನು ನಂಬಲಿ?
– ಶಿಕ್ಷಕರು, ಕುಮಟಾ

ಕೂತಲ್ಲೇ ದೂರದ ಜಾಗಗಳನ್ನು ತೋರಿಸುತ್ತಿದ್ದ ಆ ಆ್ಯಪ್ 2021ರಲ್ಲಿ ಮುಚ್ಚಿತು. ಜನ ಬೊಂಬೆಯ ವೇಷದಲ್ಲಿ ಸೇರುತ್ತಿದ್ದ ಲೋಕಗಳ ಕಥೆಯೂ ಅದೇ: ಮೈಕ್ರೋಸಾಫ್ಟ್‌ನ ಆಲ್ಟ್‌ಸ್ಪೇಸ್ 2023ರಲ್ಲಿ, ಮೊಜಿಲ್ಲಾ ಹಬ್ಸ್ 2024ರಲ್ಲಿ ಮುಚ್ಚಿದವು. ಗೂಗಲ್‌ನದೇ ಲೈವ್ಲಿ 2008ರಲ್ಲಿ ಹುಟ್ಟಿ ಅದೇ ವರ್ಷ ಕಣ್ಣುಮುಚ್ಚಿತು. ಕಂಪನಿ ಬಾಡಿಗೆಗೆ ಕೊಟ್ಟ ಜಾಗದಲ್ಲಿ ತೆಂಗಿನ ಸಸಿ ನೆಟ್ಟ ಹಾಗೆ ಇದು. ಲೋಕದ ಫೈಲು ನಿಮ್ಮ ಪೆನ್‌ಡ್ರೈವ್‌ಗೆ ಬರುತ್ತದೋ ಇಲ್ಲವೋ ನೋಡಿ. ಬರದಿದ್ದರೆ ಒಂದು ಪೀರಿಯಡ್ಡಿಗಿಂತ ಜಾಸ್ತಿ ಶ್ರಮ ಹಾಕಬೇಡಿ.

ನಾನು ಒಂಬತ್ತನೇ ಕ್ಲಾಸ್. ಸೋಮನಾಥಪುರದ ದೇವಸ್ಥಾನವನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿ ಪ್ರಾಜೆಕ್ಟ್ ಅಂತ ಕೊಡಬಹುದಾ? ಗೋಪುರ ಸರಿಯಾಗಿ ಬರ್ತಿಲ್ಲ.
– ಒಬ್ಬ ವಿದ್ಯಾರ್ಥಿ, ತಿ. ನರಸೀಪುರ

ಖಂಡಿತ ಕೊಡು. ಬರದಿರೋಕೆ ಕಾರಣ ಹೇಳಲಾ? ಆ ಗುಡಿಯ ಮೂರು ಗರ್ಭಗುಡಿಗಳೂ ಹದಿನಾರು ಮೊನೆಯ ನಕ್ಷತ್ರದ ಆಕಾರದಲ್ಲಿವೆ. ಚೌಕ ಕಲ್ಲಿನಲ್ಲಿ, ಅದೂ ಒಂದು ಮೀಟರ್ ಕಲ್ಲಿನಲ್ಲಿ, ಮೊನೆ ಬರುವುದಾದರೂ ಹೇಗೆ? ನಿಜದ ಒಂದು ಮೀಟರ್‌ಗೆ ನಾಲ್ಕೋ ಐದೋ ಕಲ್ಲು ಅಂತ ಅಳತೆ ಹಿಗ್ಗಿಸು. ಮೊದಲು ಗ್ರಾಫ್ ಹಾಳೆಯ ಮೇಲೆ ಒಂದೇ ಬಿಂದುವಿನ ಸುತ್ತ ಚೌಕವನ್ನು ತಿರುಗಿಸುತ್ತಾ ಬರೆ. 22.5 ಡಿಗ್ರಿಗೊಮ್ಮೆ ತಿರುಗಿಸಿದರೆ ನಾಲ್ಕು ಚೌಕಕ್ಕೆ ಹದಿನಾರು ಮೊನೆ ಬರುತ್ತವೆ. ಅವುಗಳ ಹೊರ ಅಂಚಿನ ಗೆರೆ ಹಾದುಹೋಗುವ ಮನೆಗಳಲ್ಲಷ್ಟೇ ಕಲ್ಲು ಇಡು.

ನಿಮ್ಮೂರಿನಿಂದ ಅದು ಹತ್ತಿರವೇ. ಒಂದು ಭಾನುವಾರ ಹೋಗಿ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ ಸುತ್ತಾಡು. ಹೆಜ್ಜೆ ಲೆಕ್ಕ ಬರೆದುಕೋ. ಆ ಜಗತಿಯೂ ಗುಡಿಯ ನಕ್ಷತ್ರದ ಅಂಚನ್ನೇ ಹಿಡಿದು ಮಡಚಿಕೊಂಡು ಹೋಗುತ್ತೆ, ಅದನ್ನು ಬರೀ ಚಚ್ಚೌಕ ಮಾಡಿಬಿಡಬೇಡ. ಗೋಪುರಕ್ಕೆ ಆಮೇಲೆ ಕೈ ಹಾಕು. ಗ್ರಾಫ್ ಹಾಳೆಯನ್ನೂ ಪ್ರಾಜೆಕ್ಟ್ ಜೊತೆಗೇ ಒಪ್ಪಿಸು, ನಾನಾಗಿದ್ದರೆ ಅರ್ಧ ಮಾರ್ಕ್ಸ್ ಅದಕ್ಕೇ ಕೊಡುತ್ತಿದ್ದೆ.