ಜತ್ತದ ಕನ್ನಡ ಮಕ್ಕಳು ಸಾಲಿ ಬಿಡುವುದು ಯಾವಾಗ, ಯಾಕೆ?

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಮಕ್ಕಳು ಬೇಗ ಸಾಲಿ ಬಿಡುವುದಕ್ಕೆ ಮರಾಠಿಯೇ ಕಾರಣವೇ ಎಂದು ಕೇಳಿದ್ದೀರಿ. ಮರಾಠಿಯ ತೊಡಕು ಜೋರಾಗಿ ಎದುರಾಗುವುದು ಹತ್ತನೆತ್ತೆ (ಹತ್ತನೇ ತರಗತಿ) ಮುಗಿದ ಮೇಲೆ. ಅದಕ್ಕೂ ಮೊದಲೇ ಬಡವರ ಮಕ್ಕಳನ್ನು ಕಬ್ಬು ಕಡಿಯುವ ಗುಳೆ ಎಳೆದುಕೊಂಡು ಹೋಗುತ್ತದೆ.

ಸಂಖ, ಉಮದಿ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ದೀಪಾವಳಿ ಸೂಟಿ ಮುಗಿದ ಮೇಲೆ ತರಗತಿ ನೋಡಿ. ದಲಿತರ, ಲಮಾಣಿ ತಾಂಡಾದ ಮಕ್ಕಳ ಜಾಗ ಖಾಲಿ. ಅಪ್ಪ-ಅವ್ವ ಕೂಲಿಗಳನ್ನು ಕರೆದೊಯ್ಯುವ ಮುಕಾದಮನ ಹತ್ತಿರ ಮಳೆಗಾಲದಲ್ಲೇ ಉಚಲು (ಮುಂಗಡ ಹಣ) ತಂದಿರುತ್ತಾರೆ. ಗಂಡ-ಹೆಂಡತಿ ಸೇರಿ ಒಂದು ಕೋಯತಾ, ಅಂದರೆ ಲೆಕ್ಕಕ್ಕೆ ಒಂದು ಕೂಲಿಜೋಡಿ. ಇಬ್ಬರೂ ನಸುಕಿನಲ್ಲೇ ಹೊಲಕ್ಕೆ ಇಳಿಯಬೇಕು. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ ಕಟ್ಟು ಕಟ್ಟುತ್ತಾಳೆ. ಗುಡಿಸಲಲ್ಲಿ ಕೂಸು ನೋಡಿಕೊಳ್ಳಲು, ರೊಟ್ಟಿ ಬಡಿಯಲು ಹನ್ನೆರಡು ವರ್ಷದ ಹುಡುಗಿ ಬೇಕೇ ಬೇಕು. ಅಣ್ಣನನ್ನು ಅಜ್ಜಿ ಹತ್ತಿರ ಬಿಟ್ಟಾರು, ಅವಳನ್ನು ಬಿಡುವುದಿಲ್ಲ. ಹಂಗಾಮು ಮುಗಿದು ಮಾರ್ಚ್-ಏಪ್ರಿಲ್‌ಗೆ ಮರಳುವಷ್ಟರಲ್ಲಿ ವರ್ಷದ ಪಾಠ ಮುಗಿದಿರುತ್ತದೆ. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇರುವುದರಿಂದ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ. ಹಾಗಾಗಿ ಜೂನ್‌ನ ದಾಖಲಾತಿ ನೋಡಿ ಲೆಕ್ಕ ಹಾಕಬೇಡಿ, ಜನವರಿಯ ಹಾಜರಿ ಕೇಳಿ.

ಗುಳೆ ಹೋಗುವ ಮಗುವಿಗೆ ಮಹಾರಾಷ್ಟ್ರದಲ್ಲಿ ಶಿಕ್ಷಣ ಹಮೀ (ಖಾತರಿ) ಕಾರ್ಡ್ ಇದೆ. ತೋರಿಸಿದರೆ ಹೋದ ಊರಿನ ಸಾಲಿಯಲ್ಲಿ ಕೂರಿಸಿಕೊಳ್ಳಬೇಕು. ಬೀಡ ಜಿಲ್ಲೆಯ ಮರಾಠಿ ಮಗುವಿಗೆ ಇದು ಉಪಯೋಗಕ್ಕೆ ಬಂದೀತು. ನಮ್ಮ ಮಗು ವಾಳವಾ, ಕರಾಡ ಕಡೆ ಹೋದರೆ ಅಲ್ಲಿರುವುದು ಮರಾಠಿ ಸಾಲಿ. ಬೆಳಗಾವಿ ಜಿಲ್ಲೆಯ ಕಾರ್ಖಾನೆಗೆ ಹೋದರೆ ಭಾಷೆ ಕನ್ನಡವೇ, ಪುಸ್ತಕ ಮಾತ್ರ ಬೇರೆ. ನಮ್ಮದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಅಚ್ಚು ಹಾಕಿಸುವ ಕನ್ನಡ ಪುಸ್ತಕ. ಕಾರ್ಡ್ ಬರೆದವರು ಕನ್ನಡ ಮಾಧ್ಯಮವನ್ನು ಯೋಚಿಸಿಯೇ ಇಲ್ಲ ಅನ್ನಿಸುತ್ತದೆ. ಸದ್ಯಕ್ಕೆ ಕೆಲಸಕ್ಕೆ ಬರುವುದು ಕಬ್ಬಿನ ಹಂಗಾಮಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಊರಲ್ಲೇ ನಡೆಸುವ ವಸತಿಗೃಹ. ಅದೂ ದೀಪಾವಳಿಗೆ ಮೊದಲೇ ಶುರುವಾಗಬೇಕು. ಕೂಲಿಗಳ ಟ್ರ್ಯಾಕ್ಟರ್ ಹೊರಟ ಮೇಲೆ ಮಂಜೂರಾದರೆ ಮಗು ಆಗಲೇ ಊರಲ್ಲಿರುವುದಿಲ್ಲ.

ಏಳನೆತ್ತೆಗೆ ನಿಲ್ಲುವ ಊರಸಾಲಿಗಳಿಂದ ಮುಂದೆ ಹೈಸ್ಕೂಲಿಗೆ ದೂರ. ಬಸ್ಸಿನ ಹೊತ್ತು ಹೊಂದದಿದ್ದರೆ ಹೆಣ್ಣುಮಕ್ಕಳು ಅಲ್ಲಿಗೇ ಬಿಡುತ್ತಾರೆ.

ಹತ್ತನೆತ್ತೆಯವರೆಗೆ ಕನ್ನಡದಲ್ಲಿ ಓದಿದವರಿಗೆ ಹನ್ನೊಂದರಲ್ಲಿ ಹೆಚ್ಚಾಗಿ ಆರ್ಟ್ಸ್ ಅಂದರೆ ಮರಾಠಿ, ಸೈನ್ಸ್ ಅಂದರೆ ಇಂಗ್ಲಿಷ್. ದ್ರಾಕ್ಷಿ, ದಾಳಿಂಬೆ ತೋಟ ಇದ್ದವರು ಸಾಂಗಲಿಗೋ ವಿಜಯಪುರಕ್ಕೋ ಕಳಿಸಿ ರೂಮು ಮಾಡಿಕೊಡುತ್ತಾರೆ, ಅವರ ಮಕ್ಕಳು ಪದವಿ ಮುಗಿಸುತ್ತಾರೆ. ಉಳಿದವರದು ಅಲ್ಲಿಗೇ ನಿಲ್ಲುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂದು ಜತ್ತದವರಿಗೂ ಅವಕಾಶವಿದೆ: 1ರಿಂದ 12ನೆತ್ತೆಯೊಳಗೆ ಕನಿಷ್ಠ 7 ವರ್ಷ ಗಡಿ ತಾಲೂಕಿನಲ್ಲಿ ಓದಿದ ಪ್ರಮಾಣಪತ್ರ, ಕನ್ನಡ ಪರೀಕ್ಷೆಯಲ್ಲಿ 50ಕ್ಕೆ 12 ಅಂಕ. ಆ ಬಾಗಿಲು ತೆರೆಯುವುದು ಹನ್ನೆರಡನೆತ್ತೆ ಸೈನ್ಸ್ ಮುಗಿಸಿದವರಿಗೆ. ಹತ್ತಕ್ಕೆ ನಿಂತ ಹುಡುಗನಿಗೆ ಬೇಕಾದದ್ದು ಜತ್ತದಲ್ಲೇ ಕನ್ನಡದಲ್ಲಿ ಹನ್ನೊಂದು-ಹನ್ನೆರಡು ಓದುವ ಏರ್ಪಾಡು.