ನೆರೆಯಲ್ಲಿ ಮುಳುಗಿದ್ದ ಮನೆ: ಸೀಲಿಂಗ್ ಬಿಚ್ಚಿ ನೋಡದೆ ಕೊಳ್ಳಬೇಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ರ್‍ಯಾರಿಟನ್ ನದಿಯ ಹತ್ತಿರ, 2004ರಲ್ಲಿ ಕಟ್ಟಿದ ಒಂದು ಮನೆ ಇಷ್ಟವಾಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆಗೆ ಬೇಸ್‌ಮೆಂಟ್ ಸೀಲಿಂಗ್‌ವರೆಗೂ ನೀರು ತುಂಬಿತ್ತಂತೆ. ನೆಲಮಹಡಿಯನ್ನು ಹೊತ್ತಿರುವುದು ಮರದ ಐ-ಜಾಯಿಸ್ಟ್‌ಗಳು, ಅಂದರೆ ಇಂಗ್ಲಿಷ್ 'I' ಆಕಾರದ ಅಡ್ಡ ತೊಲೆಗಳು. ಈಗ ಕೆಳಗಿನಿಂದ ಹೊಸ ಡ್ರೈವಾಲ್ (ಜಿಪ್ಸಮ್ ಹಲಗೆ) ಹಾಕಿ ಮುಚ್ಚಿದ್ದಾರೆ. ಊರಲ್ಲಿ ಅಜ್ಜನ ಮನೆಯ ತೊಲೆಗಳು ಎಷ್ಟೋ ಮಳೆಗಾಲ ನೆಂದು ಒಣಗಿವೆ, ಏನೂ ಆಗಿಲ್ಲ. ಇದೂ ಹಾಗೇ ಅಂದುಕೊಳ್ಳಬಹುದಾ?

ಉತ್ತರ: ಅಂದುಕೊಳ್ಳಬೇಡಿ. ಅಜ್ಜನ ಮನೆಯ ತೊಲೆ ಇಡಿಯಾದ ಮರ, ಅದೂ ಗಾಳಿಯಾಡುವ ಮಾಡಿನ ಕೆಳಗೆ. ಹೊರಗೆ ನೆಂದರೂ ಒಳಗಿನ ಕೆಚ್ಚಿಗೆ ನೀರು ಇಳಿಯುವುದು ಕಡಿಮೆ. ಐ-ಜಾಯಿಸ್ಟ್ ಬೇರೆಯದೇ ವಸ್ತು. ಮೇಲೊಂದು ಕೆಳಗೊಂದು ದಪ್ಪ ಪಟ್ಟಿ ಇರುತ್ತದೆ, ಅದು ಫ್ಲ್ಯಾಂಜ್. ನಡುವೆ ನಿಂತಿರುವ ಹಲಗೆ ವೆಬ್, ಸಾಮಾನ್ಯವಾಗಿ ಓಎಸ್‌ಬಿಯದ್ದು, ಅಂದರೆ ಮರದ ಚಕ್ಕೆಗಳಿಗೆ ಅಂಟು ಹಾಕಿ ಬಿಸಿ ಪ್ರೆಸ್‌ನಲ್ಲಿ ಒತ್ತಿ ಮಾಡಿದ್ದು. ದಪ್ಪ ಒಂದು ಸೆಂಟಿಮೀಟರ್ ಆಸುಪಾಸು, ಅಷ್ಟೇ.

ಅಂಟು ಕರಗಿಹೋಗಿದೆಯೇನೋ ಅನ್ನುವ ಭಯ ಬೇಡ. ಇದಕ್ಕೆ ಬಳಸುವುದು ನೀರಿಗೆ ಜಗ್ಗದ ಅಂಟು. ತೊಂದರೆ ಮರದ್ದು. ಒತ್ತಿದ ಚಕ್ಕೆ ನೀರು ಕುಡಿದರೆ ಅವಲಕ್ಕಿ ಥರ ಉಬ್ಬುತ್ತದೆ, ಆಮೇಲೆ ಎಷ್ಟೇ ಒಣಗಿಸಿದರೂ ಮೊದಲಿನ ದಪ್ಪಕ್ಕೆ ಪೂರ್ತಿ ವಾಪಸ್ ಬರುವುದಿಲ್ಲ. ವೆಬ್‌ನ ಅಂಚನ್ನು ಫ್ಲ್ಯಾಂಜ್‌ನ ತೋಡಿನೊಳಗೆ ಕೂರಿಸಿ ಅಂಟಿಸಿರುತ್ತಾರಲ್ಲ, ಉಬ್ಬಿದಾಗ ಎಳೆತ ಬೀಳುವುದು ಅಲ್ಲಿಗೇ. ಜಾಯಿಸ್ಟ್‌ನ ಬಲ ನಿಂತಿರುವುದೂ ಬಹಳಮಟ್ಟಿಗೆ ಆ ಸೇರುವೆಯ ಮೇಲೆಯೇ.

ಹಾಗಂತ ಒಂದು ಸಲ ಮುಳುಗಿದ ಮಾತ್ರಕ್ಕೆ ಜಾಯಿಸ್ಟ್ ಕೆಟ್ಟುಹೋಯಿತು ಅಂತಲೂ ಅಲ್ಲ. ನೀರು ಬೇಗ ಇಳಿದು, ಜಾಯಿಸ್ಟ್‌ಗಳ ನಡುವೆ ತುಂಬಿದ್ದ ನೆಂದ ಫೈಬರ್‌ಗ್ಲಾಸ್ ಇನ್ಸುಲೇಷನ್ ಕಿತ್ತು ಹಾಕಿ, ಫ್ಯಾನು, ಡಿಹ್ಯುಮಿಡಿಫೈಯರ್ ಇಟ್ಟು ಒಣಗಿಸಿದ್ದರೆ ಬಹಳಷ್ಟು ಜಾಯಿಸ್ಟ್‌ಗಳು ಉಳಿದುಕೊಳ್ಳುತ್ತವೆ. ಬೂಷ್ಟು ಒಂದೆರಡು ದಿನದಲ್ಲೇ ಶುರುವಾಗುತ್ತದೆ, ಆದರೆ ಅದು ಮೇಲ್ಮೈಯದ್ದು. ಮರವನ್ನು ಒಳಗಿಂದ ತಿನ್ನುವ ಕೊಳೆತ ಬರುವುದು ತೇವ ವಾರಗಟ್ಟಲೆ, ತಿಂಗಳುಗಟ್ಟಲೆ ನಿಂತರೆ. ಅದಕ್ಕೇ ನನಗೆ ನೆರೆ ನೀರಿಗಿಂತ ಅವಸರದಲ್ಲಿ ಹೊಡೆದ ಡ್ರೈವಾಲ್ ಮೇಲೆ ಅನುಮಾನ ಜಾಸ್ತಿ. ಮರದ ತೇವ ಶೇ 15ಕ್ಕಿಂತ ಕೆಳಗೆ ಇಳಿಯುವ ತನಕ ಮುಚ್ಚಬಾರದು. ಮುಟ್ಟಿ ನೋಡಿದರೆ ಇದು ಗೊತ್ತಾಗಲ್ಲ, ತೇವ ಅಳೆಯುವ ಮೀಟರ್ ಚುಚ್ಚಿಯೇ ನೋಡಬೇಕು.

ಮಾರುವವರು ನೆರೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. 2024ರ ಮಾರ್ಚ್‌ನಿಂದ ನ್ಯೂಜೆರ್ಸಿಯಲ್ಲಿ ಅದನ್ನು ಹೇಳಲೇಬೇಕು. ಈಗ ಮುಂದಿನದ್ದು ಕೇಳಿ: ನೀರು ಎಷ್ಟು ದಿನ ನಿಂತಿತ್ತು, ಯಾರು ಒಣಗಿಸಿದರು, ಮುಚ್ಚುವ ಮುಂಚಿನ ಮೀಟರ್ ರೀಡಿಂಗ್ ಎಲ್ಲಿದೆ, ಇನ್ಶೂರೆನ್ಸ್ ಕ್ಲೇಮಿನ ಕಾಗದ ಏನು ಹೇಳುತ್ತದೆ. ಮಾಮೂಲಿ ಹೋಮ್ ಇನ್‌ಸ್ಪೆಕ್ಟರ್ ಸೀಲಿಂಗ್ ಬಿಚ್ಚುವುದಿಲ್ಲ, ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆಯುತ್ತಾರೆ. ಹಾಗಾಗಿ ಮೂರ್ನಾಲ್ಕು ಕಡೆ ಡ್ರೈವಾಲ್ ಕತ್ತರಿಸಿ ನೋಡಲು ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಜೊತೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಗೋಡೆಗೆ ಸೇರುವ ತುದಿ, ಬಾತ್‌ರೂಮ್ ಕೆಳಗೆ, ಹ್ಯಾಂಗರ್ (ಜಾಯಿಸ್ಟ್ ತುದಿಯನ್ನು ಹಿಡಿದಿರುವ ಲೋಹದ ಕೊಂಡಿ) ಇರುವಲ್ಲಿ ತೆರೆಯಿರಿ.

ತೆರೆದ ಮೇಲೆ ಟಾರ್ಚನ್ನು ವೆಬ್‌ಗೆ ಒತ್ತಿಕೊಂಡಂತೆ ಹಿಡಿದು ಉದ್ದಕ್ಕೂ ಬೆಳಕು ಹಾಯಿಸಿ. ಉಬ್ಬಿದ್ದರೆ ಚಕ್ಕೆಗಳು ಒಂದೊಂದಾಗಿ ಎದ್ದು ನಿಂತು ನೆರಳು ಬೀಳುತ್ತದೆ. ಕೆಳಗಿನ ಫ್ಲ್ಯಾಂಜ್‌ನ ಸೇರುವೆಯಲ್ಲಿ ತೆಳುವಾದ ಕಾಗದದ ಚೂರು ತೂರಿಸಿ ನೋಡಿ, ಒಳಗೆ ಹೋದರೆ ಅಲ್ಲಿ ಬಿಟ್ಟುಕೊಂಡಿದೆ. ಸ್ಕ್ರೂಡ್ರೈವರ್ ತುದಿಯಿಂದ ಫ್ಲ್ಯಾಂಜ್‌ನ ಒಂದು ಸಿಬಿರು ಎಬ್ಬಿಸಿ. ಗಟ್ಟಿ ಮರ ಉದ್ದನೆಯ ನಾರಾಗಿ ಏಳುತ್ತದೆ, ಕೊಳೆತದ್ದು ಪುಟಕ್ಕನೆ ತುಂಡಾಗುತ್ತದೆ. ಹ್ಯಾಂಗರ್ ಮತ್ತು ಅದರ ಮೊಳೆಗಳಿಗೆ ತುಕ್ಕು ಹತ್ತಿದೆಯಾ ನೋಡಿ. ಇಷ್ಟು ವರ್ಷದ ಮೇಲೂ ಮೀಟರ್ ಶೇ 20 ತೋರಿಸಿದರೆ ಅದು ಐಡಾದ ನೀರಲ್ಲ, ಈಗಲೂ ಎಲ್ಲಿಂದಲೋ ತೇವ ಬರುತ್ತಿದೆ.

ಒಂದೆರಡು ಜಾಯಿಸ್ಟ್ ಕೆಟ್ಟಿದ್ದರೆ ರಿಪೇರಿಗೆ ದಾರಿಯಿದೆ, ಆದರೆ ಪಕ್ಕಕ್ಕೆ ಸುಮ್ನೆ ಒಂದು ಹಲಗೆ ಹೊಡೆದರೆ ಆಗಲ್ಲ. ಜಾಯಿಸ್ಟ್ ತಯಾರಿಸಿದ ಕಂಪನಿ ಕೊಡುವ ವಿವರ ಅಥವಾ ಎಂಜಿನಿಯರ್ ಸಹಿ ಹಾಕಿದ ಡ್ರಾಯಿಂಗ್ ಬೇಕು. ಸಾಲಾಗಿ ಹತ್ತಾರು ಕೆಟ್ಟಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಬಿಚ್ಚಿ ನೋಡಲು ಬಿಡಲ್ಲ ಅಂದರೆ, ಎಷ್ಟೇ ಚೆಂದ ಇದ್ದರೂ ಆ ಮನೆ ಬೇಡ.