ಆತ ಭಾನುವಾರ ಎಲ್ಲಿಗೆ ಹೋಗುತ್ತಾನೆ?

ಶಿಕಾಗೊದಿಂದ ಹಾಸನದ ಕಡೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ಅವರ ಆಫೀಸಿನಲ್ಲಿ ಮಿಸಿಸಿಪ್ಪಿ ಕಡೆಯ ಕಪ್ಪು ಯುವಕನೊಬ್ಬ ಎಂಜಿನಿಯರ್. ಕೈತುಂಬ ಸಂಬಳ, ಕಿಟಕಿ ತೆಗೆದರೆ ಮಿಷಿಗನ್ ಸರೋವರ ಕಾಣುವ ಫ್ಲ್ಯಾಟು. ಆದರೂ ಒಂದು ಮಧ್ಯಾಹ್ನ ಊಟ ಮಾಡುತ್ತ, "ಮೂರು ವರ್ಷವಾಯಿತು, ಇನ್ನೂ ಲಾಡ್ಜಿನಲ್ಲಿ ಇಳಿದುಕೊಂಡ ಹಾಗೇ ಇದೆ" ಎಂದನಂತೆ. ಪಾರ್ಟಿಗೆ ಕರೆದರೆ ಬರುವುದು ಅಪರೂಪ. ಶನಿವಾರ ಕಪ್ಪು ಎಂಜಿನಿಯರುಗಳ ಸಂಘದಿಂದ ಮಕ್ಕಳಿಗೆ ಗಣಿತ ಪಾಠ, ಭಾನುವಾರ ಊರಿನ ದಕ್ಷಿಣ ಭಾಗವಾದ ಸೌತ್ ಸೈಡಿನ ಚರ್ಚು. ಓದುಗರ ಪ್ರಶ್ನೆ: "ತನ್ನವರನ್ನೇ ಹುಡುಕಿಕೊಂಡು ಹೋಗುವುದಾದರೆ ನಗರಕ್ಕೆ ಬಂದದ್ದೇಕೆ? ಇದು ನಮ್ಮ ಜಾತಿ ಸಂಘಗಳ ಅಮೆರಿಕದ ರೂಪವಲ್ಲವೇ? ನನ್ನನ್ನೂ ಆ ಪಾಠಕ್ಕೆ ಕರೆದಿದ್ದ, ನೆಪ ಹೇಳಿ ತಪ್ಪಿಸಿಕೊಂಡೆ."

ನಿಮ್ಮ ಮಾತಿನಲ್ಲಿ ಒಂದಿಷ್ಟು ನ್ಯಾಯವಿದೆ. ಹೋಟೆಲಿನಲ್ಲಿ ಯಾರ ಮಗ ಎಂದು ಕೇಳದೆ ಕಾಫಿ ಕೊಡುವುದು ಪಟ್ಟಣದ ದೊಡ್ಡ ಗುಣ. ಹಳ್ಳಿಯನ್ನು ಹಾಡಿ ಹೊಗಳುತ್ತಿದ್ದವರಿಗೆ ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲೇ ಚಾಟಿ ಬೀಸಿದ್ದು ಸುಮ್ಮನೆ ಅಲ್ಲ. ಅಷ್ಟರ ಮಟ್ಟಿಗೆ ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ನೀವು ಎಂಎಸ್ ಮಾಡಿದ್ದು ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಂದು ಬರೆದಿದ್ದೀರಿ. ದಿನಾ ಹಸಿರು ಲೈನಿನ ರೈಲಿನಿಂದ ಇಳಿಯುತ್ತಿದ್ದ ಆ ನಿಲ್ದಾಣದ ಬೋರ್ಡನ್ನು ಎಂದಾದರೂ ಪೂರ್ತಿ ಓದಿದ್ದೀರಾ ತಾಯಿ? ನಿಮ್ಮ ಕಾಲೇಜಿನ ಹೆಸರಿಗೂ ಮೊದಲು ಅಲ್ಲಿ ಬ್ರಾನ್ಜ್‌ವಿಲ್ ಎಂದಿದೆ. ಅದು ಕಪ್ಪು ಜನರ ಹಳೆಯ ಬಡಾವಣೆ. ನಿಮ್ಮ ಸಹೋದ್ಯೋಗಿ ಭಾನುವಾರ ಹೋಗುವ ಸೌತ್ ಸೈಡಿನ ಚರಿತ್ರೆ ಬಹುಪಾಲು ಅಲ್ಲೇ ಇದೆ. ಆತ ಪರವೂರಿಗೆ ಹೋಗುತ್ತಿಲ್ಲ. ನೀವೇ ಇದ್ದು ನೋಡದೇ ಬಂದ ಊರಿಗೆ ಹೋಗುತ್ತಿದ್ದಾನೆ.

1910ರ ಸುಮಾರಿಗೆ ಶುರುವಾಗಿ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಬೇರೆಡೆಗೆ ಗುಳೆ ಎದ್ದರು. ಮಿಸಿಸಿಪ್ಪಿಯವರು ಹೆಚ್ಚಾಗಿ ಹಿಡಿದದ್ದು ಇಲಿನಾಯ್ ಸೆಂಟ್ರಲ್ ರೈಲು, ಇಳಿದದ್ದು ಶಿಕಾಗೊ. ಅವರನ್ನು ಕರೆದದ್ದು ಯಾರು ಗೊತ್ತೇ? ಒಂದು ಪತ್ರಿಕೆ! 1905ರಲ್ಲಿ ರಾಬರ್ಟ್ ಅಬಟ್ ಶುರು ಮಾಡಿದ 'ಶಿಕಾಗೊ ಡಿಫೆಂಡರ್'. ಮಲಗುವ ಬೋಗಿಗಳಲ್ಲಿ ಕೆಲಸಕ್ಕಿದ್ದ ಪೋರ್ಟರುಗಳು ಕಟ್ಟುಗಳನ್ನು ದಕ್ಷಿಣಕ್ಕೆ ಒಯ್ದು ಹಂಚುತ್ತಿದ್ದರು. ಓದು ಬಾರದವರಿಗೆ ಓದು ಬಲ್ಲವರು ಜೋರಾಗಿ ಓದಿ ಹೇಳುತ್ತಿದ್ದರು. ಈಗಿನ ಸಂಪಾದಕನೊಬ್ಬನಿಗೆ ಇದನ್ನು ಬರೆಯುವಾಗ ಹೊಟ್ಟೆಕಿಚ್ಚಾಗುವುದು ಸಹಜ.

ಬಂದವರಿಗೆ ಊರು ಬಾಗಿಲು ತೆರೆಯಲಿಲ್ಲ. ಕಪ್ಪು ಜನರಿಗೆ ಮಾರಕೂಡದು, ಬಾಡಿಗೆ ಕೊಡಕೂಡದು ಎಂದು ಮನೆಪತ್ರದಲ್ಲೇ ಷರತ್ತು ಬರೆಸುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಎತ್ತಿಹಿಡಿಯುವುದನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 1948ರಲ್ಲಿ. ಯುವಕರಿಗೆ ತಂಗಲು, ಆಡಲು ಜಾಗ ಕೊಡುವ ಕ್ರೈಸ್ತ ಸಂಸ್ಥೆಗಳಾದ ವೈಎಂಸಿಎಗಳು ಸೇರಿಸಿಕೊಳ್ಳದ ಕಾರಣ ವಾಬಾಷ್ ಅವೆನ್ಯೂದಲ್ಲಿ ತಮ್ಮದೇ ಒಂದನ್ನು ಕಟ್ಟಿಸಿಕೊಂಡರು. ರೈಲಿಳಿದು ಬಂದ ಹುಡುಗರಿಗೆ ಅಲ್ಲಿ ಕೋಣೆ ಸಿಗುತ್ತಿತ್ತು, ಕೆಲಸದ ಸುಳಿವು ಸಿಗುತ್ತಿತ್ತು. 1915ರ ಬೇಸಿಗೆಯಲ್ಲಿ ಅಲ್ಲಿ ಉಳಿದುಕೊಂಡಿದ್ದ ಕಾರ್ಟರ್ ವುಡ್ಸನ್ ಎಂಬ ಮೇಷ್ಟ್ರು ಕೆಲವರನ್ನು ಕೂರಿಸಿಕೊಂಡು ಕಪ್ಪು ಜನರ ಇತಿಹಾಸದ ಅಧ್ಯಯನಕ್ಕೊಂದು ಸಂಘ ಕಟ್ಟಿದರು. ನಿಮ್ಮ ಆಫೀಸಿನವರು ಪ್ರತಿ ಫೆಬ್ರವರಿಯಲ್ಲಿ ಇಮೇಲ್ ಕಳಿಸಿ ಆಚರಿಸುವ ಕಪ್ಪು ಇತಿಹಾಸದ ತಿಂಗಳ ಮೂಲ, ಆ ಸಂಘ 1926ರಲ್ಲಿ ಶುರು ಮಾಡಿದ ಒಂದು ವಾರದ ಆಚರಣೆ. ಕಟ್ಟಡ ಈಗಲೂ ಇದೆ, ನಿಮ್ಮ ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ.

ಅದೇ ಬ್ರಾನ್ಜ್‌ವಿಲ್‌ನ ಕಿಂಗ್ ಡ್ರೈವ್ ರಸ್ತೆಯಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಅಲಿಸನ್ ಸಾರ್ ಮಾಡಿದ್ದು. ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು, ಮುಖ ಉತ್ತರಕ್ಕೆ. ಹತ್ತಿರ ಹೋಗಿ ನೋಡಿದರೆ ಮೈಮೇಲಿನ ಸೂಟು ಬಟ್ಟೆಯದಲ್ಲ, ಬರೀ ಸವೆದ ಬೂಟಿನ ಅಟ್ಟೆಗಳು. ನಿಂತಿರುವ ದಿಬ್ಬವೂ ಅಟ್ಟೆಗಳದೇ. ಸರೋವರ ಕಾಣುವ ಫ್ಲ್ಯಾಟಿನ ಹುಡುಗ ಮೈಮೇಲೆ ಹಾಕಿಕೊಂಡಿರುವುದೂ ಅದೇ ಸೂಟು ಎಂದು ನನ್ನ ವಾದ.

ಜಾತಿ ಸಂಘಕ್ಕೂ ಇದಕ್ಕೂ ವ್ಯತ್ಯಾಸ ಅಲ್ಲೇ ಇದೆ. ಒಳಗಿದ್ದವರು ಬಾಗಿಲು ಕಾಯಲು ಕಟ್ಟಿದ್ದು ಬೇರೆ, ಹೊರಗೆ ನಿಲ್ಲಿಸಿದವರು ತಲೆಯ ಮೇಲೆ ಸೂರು ಬೇಕೆಂದು ಕಟ್ಟಿದ್ದು ಬೇರೆ. ಹಾಗೆಂದು ಅಲ್ಲೂ ಎಲ್ಲ ಚಿನ್ನವಲ್ಲ. ಹೊಸಬರು ಬೀದಿಯಲ್ಲಿ ಹೇಗೆ ನಡೆಯಬೇಕು, ಟ್ರ್ಯಾಮಿನಲ್ಲಿ ಎಷ್ಟು ಮೆಲ್ಲಗೆ ಮಾತಾಡಬೇಕು ಎಂದು ಹಳಬರು ಚೀಟಿ ಹಂಚಿ ಬುದ್ಧಿ ಹೇಳಿದ್ದೂ ಉಂಟು. ಹಳ್ಳಿಯಿಂದ ಬಂದ ಸೋದರಳಿಯನನ್ನು ನಂಟರ ಮುಂದೆ ಬಚ್ಚಿಡುವ ಬುದ್ಧಿ ಎಲ್ಲ ದೇಶಗಳಲ್ಲೂ ಒಂದೇ.

ಇನ್ನು ಶನಿವಾರದ ಗಣಿತ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದ ಕಪ್ಪು ಹುಡುಗರಲ್ಲಿ ಹೆಚ್ಚಿನವರು ಅರ್ಧಕ್ಕೇ ಓದು ಬಿಡುತ್ತಿದ್ದ ಕಾಲದಲ್ಲಿ, ಒಬ್ಬರನ್ನೊಬ್ಬರು ಪಾಸು ಮಾಡಿಸಲು ಅಲ್ಲಿನ ವಿದ್ಯಾರ್ಥಿಗಳೇ ಕೂಟ ಕಟ್ಟಿಕೊಂಡರು. ಅದೇ 1975ರಲ್ಲಿ ಕಪ್ಪು ಎಂಜಿನಿಯರುಗಳ ರಾಷ್ಟ್ರೀಯ ಸಂಘವಾಯಿತು. ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಕಥೆಯೂ ಇದೇ. ಊರಿಂದ ಓಡಿ ಬಂದ ಹುಡುಗರು ಹಗಲು ಉಡುಪಿ ಹೋಟೆಲುಗಳಲ್ಲಿ ತಟ್ಟೆ ತೊಳೆದು ರಾತ್ರಿ ಮೆಟ್ರಿಕ್ ಓದಿದರು. ಹಾಗೆ ಓದಿದ ಹಿರಿಯರೊಬ್ಬರು ನನ್ನ ಸ್ನೇಹಿತರು. ದೊಡ್ಡ ಹುದ್ದೆಯಿಂದ ನಿವೃತ್ತರಾದ ಮೇಲೂ ಅವರು ಹೇಳಿಕೊಳ್ಳುವುದು ಹುದ್ದೆಯ ವಿಷಯವನ್ನಲ್ಲ, ಪುಸ್ತಕ ಕೊಡಿಸಿದ ರಾತ್ರಿ ಶಾಲೆಯ ಮೇಷ್ಟ್ರ ವಿಷಯವನ್ನು. ಬದುಕಿಗೊಂದು ಅರ್ಥ ಬೇಕು ಎಂದು ಈಗಿನ ಯುವಕರು ಯಾರು ಯಾರದೋ ಶಿಬಿರಗಳಿಗೆ ಸಾವಿರಗಟ್ಟಲೆ ಸುರಿಯುತ್ತಾರೆ. ಶನಿವಾರ ಬೆಳಿಗ್ಗೆ ನಾಲ್ಕು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟು ನೋಡಲಿ.

ಆಫೀಸಿನ ಕಪ್ಪು ಸೆಕ್ಯುರಿಟಿಯವರು ಪರಿಚಯವಿಲ್ಲದಿದ್ದರೂ ನಿಮ್ಮ ಸಹೋದ್ಯೋಗಿಗೆ ಮಾತ್ರ ಗದ್ದ ಎತ್ತಿ ಸಣ್ಣಗೆ ತಲೆಯಾಡಿಸುತ್ತಾರೆ, ಅದೇನು ಗುಟ್ಟೋ ಎಂದೂ ಕೇಳಿದ್ದೀರಿ. ಗುಟ್ಟೇನಿಲ್ಲ. ನೀನಿದ್ದೀಯ, ನಾನು ನೋಡಿದೆ ಎಂದರ್ಥ. ಆಫೀಸಿನ ಮೀಟಿಂಗಿನಲ್ಲಿ ಹದಿನೈದು ಜನರ ನಡುವೆ ಕಪ್ಪು ಮನುಷ್ಯ ಆತ ಒಬ್ಬನೇ ಎಂದು ನೀವೇ ಬರೆದಿದ್ದೀರಿ.

ಒಂದು ಮಾತು ನಿಮಗೂ ಸಲ್ಲಬೇಕು. 1946ರ ಕಾನೂನಿನ ಪ್ರಕಾರ ಭಾರತದಿಂದ ಅಮೆರಿಕಕ್ಕೆ ವಲಸೆ ಹೋಗಲು ಇದ್ದ ಕೋಟಾ ವರ್ಷಕ್ಕೆ 100 ಜನ. ಅದನ್ನು ತೆಗೆದುಹಾಕಿದ ಕಾನೂನಿಗೆ ಸಹಿ ಬಿದ್ದದ್ದು 1965ರ ಅಕ್ಟೋಬರಿನಲ್ಲಿ, ಕಪ್ಪು ಜನರ ಮತದ ಹಕ್ಕನ್ನು ಕಾಪಾಡುವ ಕಾನೂನು ಬಂದ ಎರಡೇ ತಿಂಗಳಿಗೆ. ಜನಾಂಗ ನೋಡಿ ಬಾಗಿಲು ಹಾಕುವುದು ನಾಚಿಕೆಗೇಡು ಎಂದು ಆ ದೇಶಕ್ಕೆ ಅನ್ನಿಸುವಂತೆ ಮಾಡಿದವರು ಬೀದಿಯಲ್ಲಿ ಲಾಠಿ ತಿಂದವರು. ನಮ್ಮ ಡಾಕ್ಟರು, ಎಂಜಿನಿಯರುಗಳು ಆ ತೆರೆದ ಬಾಗಿಲಲ್ಲಿ ಒಳಗೆ ಹೋದರು. ಅಲ್ಲಿ ಕನ್ನಡ ಕೂಟ ಕಟ್ಟಿದರು, ಸಂತೋಷ. ಆದರೆ ಯುಗಾದಿಯ ಹೋಳಿಗೆ, ರಾಜ್ಯೋತ್ಸವದ ಡ್ಯಾನ್ಸು, ಊರಿಂದ ಕರೆಸಿದ ಹಾಸ್ಯ ಭಾಷಣಕಾರರನ್ನು ಬಿಟ್ಟು, ಆ ಊರಿನ ಒಂದು ಮಗುವಿಗಾದರೂ ಕೂಟ ಮಗ್ಗಿ ಕಲಿಸಿದೆಯೇ? ಕಲಿಸಿದ್ದರೆ ಬರೆಯಿರಿ, ಅಚ್ಚು ಹಾಕುತ್ತೇನೆ.

ಇಲ್ಲಿಯ ಕಥೆ ಇನ್ನೂ ಚೆನ್ನ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಬಂದರೆ ಆಟೋದವರಿಂದ ಮನೆ ಮಾಲೀಕರವರೆಗೆ ಎಲ್ಲರೂ ಇಂಗ್ಲಿಷಿನಲ್ಲೇ 'ಯಾವ ದೇಶ' ಎನ್ನುತ್ತಾರೆ. "ಇಲ್ಲೇ ಯಲ್ಲಾಪುರ ಸಾರ್" ಎಂದು ಅಚ್ಚಗನ್ನಡದಲ್ಲಿ ಹೇಳಿದರೂ ಅನುಮಾನ ಹೋಗುವುದಿಲ್ಲ. ತಲೆತಲಾಂತರದಿಂದ ಈ ನೆಲದಲ್ಲಿರುವ ಜನ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2003ರಲ್ಲಿ. ಆ ಹುಡುಗನಿಗೆ ಈ ರಾಜಧಾನಿಯಲ್ಲಿ ವಾಬಾಷ್ ಅವೆನ್ಯೂ ಎಲ್ಲಿದೆ? ಓದುವ ಕೋಣೆಗಳಿಗೆ ಬೀಗ ಬಿದ್ದಿದೆ, ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ನಾಯಿಯ ಜಗಳ ನಡೆಯುತ್ತಿದೆ, ಪಿಜಿಯಲ್ಲಿ ಪಕ್ಕದ ಮಂಚದವನ ಹೆಸರು ಗೊತ್ತಿಲ್ಲ.

ಆತ ಇನ್ನೊಮ್ಮೆ ಕರೆದರೆ ನೆಪ ಹೇಳಬೇಡಿ, ಹೋಗಿ. ಕರೆಯದಿದ್ದರೆ ನೀವೇ ಕೇಳಿ. ಮಕ್ಕಳು ಏನು ಕೇಳಿದರು, ನೀವು ಎಲ್ಲಿ ತಡವರಿಸಿದಿರಿ ಎಲ್ಲ ಬರೆದು ಕಳಿಸಿ. ಎರಡು ಪುಟ ಮೀಸಲಿಟ್ಟಿರುತ್ತೇನೆ.